ಹಗ್ಗ ಕಟ್ಟಿದ ಎರಡು ಬಂಡೆ

ಜಪಾನಿಗೆ ಹೋಗಬೇಕಾಗಿದ್ದವರು ನಮ್ಮ ಮನೆಯವರು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಹೊಸ ಯಂತ್ರದ ಕೆಲಸ ಕಲಿತು ಬರಲು ಮೊದಲು ಕೇಳಿದ್ದು ಇವರನ್ನೇ. "ಮೀನ ತಿನ್ನೂ ಊರಿಗೆ ನಾ ಒಲ್ಲೆ" ಎಂದು ಇವರು ಕೈಮುಗಿದು ಬಂದರು. ಚಾಳದಲ್ಲಿ ನಮ್ಮ ಪಕ್ಕದ ಮನೆಯ ಮುಸಲ್ಮಾನ ಫಿಟ್ಟರ್ ಹೋದರು. ಮಳೆಗಾಲಕ್ಕೆ ವಾಪಸು ಬರುವಾಗ ಕಟ್ಟು ಹಾಕಿದ ಒಂದು ಚಿತ್ರ ತಂದರು. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಸಮುದ್ರದಲ್ಲಿ ಒಂದು ದೊಡ್ಡ ಬಂಡೆ, ಪಕ್ಕದಲ್ಲೊಂದು ಸಣ್ಣದು, ಎರಡಕ್ಕೂ ಸೇರಿಸಿ ಕಟ್ಟಿದ ದಪ್ಪ ಹುಲ್ಲಿನ ಹಗ್ಗ. ದೊಡ್ಡದು ಗಂಡ, ಸಣ್ಣದು ಹೆಂಡತಿ ಅಂತೆ. ಅಷ್ಟು ಕೇಳಿದ್ದೇ ತಡ, ಚಾಳದ ಹೆಂಗಸರು ಶಿವ-ಪಾರ್ವತಿ ಎಂದು ತೀರ್ಮಾನಿಸಿಬಿಟ್ಟರು. ಶ್ರಾವಣ ಸೋಮವಾರದ ಸಂಜೆ ಎಲ್ಲರೂ ಸೇರುತ್ತಿದ್ದದ್ದು ಮೊದಲಿನಿಂದಲೂ ನನ್ನ ಮನೆಯಲ್ಲಿ. ಆ ಸಲ ಕಾಳಿನ ಉಸಳಿ ಮಾಡಿಟ್ಟು ಕಾದೇ ಕಾದೆ. ಅವರೆಲ್ಲ ಫಿಟ್ಟರ್ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಅಂಥದ್ದೇನಿದೆ ನೋಡೇಬಿಡೋಣವೆಂದು ನಾನೂ ಹೋದೆ. ಫಿಟ್ಟರ್ ಹೇಳುತ್ತಿದ್ದರು: "ನಮ್ಮ ಅನಮೋಡ ಘಟ್ಟ ಸೀದಾ ಸಮುದ್ರದಾಗ ಇಳದ್ರ ಹೆಂಗ ಇರತೈತಿ, ಹಂಗ ಐತ್ರಿ ಆ ಊರು. ಹಿಂದ ಗುಡ್ಡ, ಮುಂದ ನೀರು, ನಡುವ ಇಷ್ಟ ಜಾಗಾ. ಬ್ಯಾಸಗ್ಯಾಗ ಈ ಎರಡೂ ಕಲ್ಲಿನ ನಡುವ ಸೂರ್ಯ ಏಳ್ತಾನ."

"ಸಮುದ್ರದ ಅಲೆಗೆ ಹಗ್ಗ ಹರಿಯೂದಿಲ್ಲೇನ್ರಿ?" ಎಂದೆ, ಹರಿಯಲಿ ಎಂಬ ಆಸೆಯಿಂದಲೇ.

"ಹರೀತೈತ್ರಿ ಅಕ್ಕಾರ. ಊರ ಮಂದಿ ಕೂಡಿ ಹೊಸಾದು ಹೊಸೀತಾರ, ಮತ್ತ ಕಟ್ತಾರ."

ಅವರ ಹೆಂಡತಿ ಬಾಗಿಲಲ್ಲಿ ನಿಂತು, ಗಂಡನ ಮಾತನ್ನು ಅದೇ ಮೊದಲ ಸಲ ಕೇಳುವವಳಂತೆ ಕೇಳುತ್ತಿದ್ದಳು. ಎಷ್ಟು ಸಲ ಕೇಳಿದ್ದಳೋ. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

ಮುಂದಿನ ಸೋಮವಾರ ಯಾರೋ ಚಿತ್ರಕ್ಕೆ ವಿಭೂತಿ ಹಚ್ಚಿಯೇಬಿಟ್ಟರು. ಮರುದಿನ ಫಿಟ್ಟರ್ ಹೆಂಡತಿ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದಳು.

"ಅಕ್ಕಾರ, ಪೂಜಾ ಮಾಡೂ ಚಿತ್ರ ನಮ್ಮ ಮನ್ಯಾಗ ನಡಿಯೂದಿಲ್ರಿ. ಮಂದಿಗೆ ಬ್ಯಾಡ ಅನ್ನಾಕ ಮನಸಾಗವಲ್ದು. ನಿಮ್ಮ ಮನ್ಯಾಗ ಇರಲಿ."

ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗೆಲ್ಲಿಯದು? ಮೊಳೆ ಹೊಡೆದು, ದೇವರ ಜಗಲಿಯ ಮೇಲೆಯೇ ತೂಗುಹಾಕಿದೆ.

ಸೋಮವಾರ ಎಲ್ಲರೂ ಬಂದರು. ಗೆದ್ದೆ ಎಂದುಕೊಂಡೆ. ಪೂಜೆ ಮುಗಿದ ಮೇಲೆ ಒಬ್ಬಾಕೆ ಕೇಳಿದಳು, "ಆ ಹಗ್ಗಾ ಯಾವ ಹುಲ್ಲಿಂದರೀ?" ನನಗೇನು ಗೊತ್ತು! ಗಂಡನ ಮುಖ ನೋಡಿದೆ. ಇವರು ಉಸಳಿಯಿಂದ ತಲೆ ಎತ್ತದೆ, "ಹುಲ್ಲ ಅಂದ್ರ ಹುಲ್ಲ" ಎಂದು ಆಕೆಗೆ ಉತ್ತರ ಕೊಟ್ಟರು.

"ಫಿಟ್ಟರನ್ನ ಕೇಳೂಣು ಬರ್ರಿ" ಎಂದಳು ಆಕೆ. ನಾನು ಬಡಿಸಿದ ತಟ್ಟೆ ಹಿಡಿದುಕೊಂಡೇ ಎಲ್ಲರೂ ಪಕ್ಕದ ಕಟ್ಟೆಗೆ ಹೋದರು.

ಬಂಡೆಗಳು ನನ್ನ ಮನೆಯಲ್ಲೇ ಉಳಿದವು. ಗೋಡೆಯಾಚೆ ಫಿಟ್ಟರ್ ಮಾತಾಡುವುದು ಕೇಳುತ್ತಿತ್ತು, ನಡುನಡುವೆ ಅವರ ಹೆಂಡತಿಯ ನಗು.

"ನೀ ಹೋಗಲಿಲ್ಲೇನು?" ಎಂದರು ಇವರು. ಆ ಸಂಜೆ ನನ್ನೊಂದಿಗೆ ಆಡಿದ್ದು ಅದೊಂದೇ ಮಾತು.