ಕೊನೆಯ ನಿಮಿಷ ಅವನದು

ಕಳೆದ ಭಾನುವಾರ ಡರ್ಬಿಯ ನಮ್ಮ ಮನೆಗೆ ಹೋದಾಗ ಅಮ್ಮ ದೇವರ ಮಂಟಪದ ಮರಕ್ಕೆ ಎಣ್ಣೆ ಒರೆಸುತ್ತಿದ್ದಳು. ಸೂಪರ್‌ಮಾರ್ಕೆಟ್ಟಿನಿಂದ ತಂದ, ನಿಂಬೆ ವಾಸನೆಯ ಎಣ್ಣೆ. ವಿಭೂತಿ, ಊದುಬತ್ತಿಗಳ ನಡುವೆ ಅದು ಮೂಗಿಗೆ ತಾಗಿದ್ದೇ ತಡ, ನಾನು ಲೀಡ್ಸಿನ ಹಳೇ ಇಟ್ಟಿಗೆ ಮನೆಯ ಮೆಟ್ಟಿಲ ಮೇಲಿದ್ದೆ. ವಾಸನೆಯೊಂದು ನೆನಪನ್ನು ಎಳೆದು ತರುತ್ತದೆ ಎಂದು ಬರೆಯುವವರನ್ನು ನಾನು ನಂಬಿದವಳಲ್ಲ. ಈಗ ಒಂದು ಸಾಕ್ಷ್ಯ ಸಿಕ್ಕಿದೆ. ಒಂದೇ ಸಾಕ್ಷ್ಯದಿಂದ ನಿಯಮ ಮಾಡಲಾಗದು, ಆದರೂ...

ಆ ಎಣ್ಣೆಯನ್ನು ಗಿಟಾರಿನ ಕುತ್ತಿಗೆಯ ಮರಕ್ಕೆ ಒರೆಸುತ್ತಿದ್ದವನು ನನ್ನ ಮೇಲಿನ ಫ್ಲಾಟಿನವನು. ನಾನಾಗ ಲೀಡ್ಸಿನಲ್ಲಿ ಓದುತ್ತಿದ್ದೆ. ಓದಿದ್ದಕ್ಕಿಂತ ವಿಶ್ವವಿದ್ಯಾಲಯದ ಡಿಬೇಟ್ ತಂಡದಲ್ಲಿ ವಾದಿಸಿದ್ದೇ ಹೆಚ್ಚು. ಅವನು ಬರ್ಮಿಂಗ್‌ಹ್ಯಾಮಿನವನು, ಸಂಗೀತ ಕಾಲೇಜು ಮುಗಿಸಿದ್ದ ಜಾಸ್ ಗಿಟಾರಿಸ್ಟ್. ಶನಿವಾರ ಮದುವೆಗಳಲ್ಲಿ ಜನ ಕೇಳಿದ ಹಾಡು, ವಾರವಿಡೀ ಶಾಲೆಗಳಲ್ಲಿ ಪಾಠ, ಭಾನುವಾರ ಮಧ್ಯಾಹ್ನ ಪಬ್ಬಿನ ಮೂಲೆಯಲ್ಲಿ ತಾನೇ ಬರೆದದ್ದು. ವೃತ್ತಿಜೀವನ ಎಂದರೆ ಆಗ ಅಷ್ಟೇ. ನನ್ನನ್ನು ಅವನೂರಿನ ರೂಢಿಯಂತೆ ಸಲಿಗೆಯಿಂದ ‘ಬ್ಯಾಬ್’ ಎನ್ನುತ್ತಿದ್ದ. ಜಗಳಕ್ಕೆ ನಿಂತರೆ ‘ವಕೀಲರೇ’.

ಜಗಳಕ್ಕೆ ನಾನು ನಿಲ್ಲುತ್ತಲೇ ಇದ್ದೆ. ವೇದಿಕೆಯ ಮೇಲೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತೇವೆ ಎಂಬ ಜಾಸ್‌ನವರ ಹೆಮ್ಮೆ ನನಗೆ ಮೋಸದಂತೆ ಕಾಣುತ್ತಿತ್ತು.

“ಮೊದಲೇ ಪ್ರಾಕ್ಟೀಸ್ ಮಾಡಿದ್ರೆ ಅದು ಆ ಕ್ಷಣದ್ದಲ್ಲ. ಮಾಡಿಲ್ಲ ಅಂದ್ರೆ ಜನ ಯಾಕೆ ಕೇಳ್ಬೇಕು? ಎರಡರಲ್ಲಿ ಒಂದನ್ನ ಒಪ್ಕೋ.”

“ನಾಳೆ ಡಿಬೇಟಲ್ಲಿ ನೀನೇನು ಮಾತಾಡ್ತೀಯ?”

“ವಿಷಯ ಕೊಟ್ಟ ಮೇಲೆ ತಾನೇ ಗೊತ್ತಾಗೋದು!”

“ಹಂಗಾದ್ರೆ ನಾನ್ಯಾಕೆ ಬಂದು ಕೇಳ್ಬೇಕು, ಬ್ಯಾಬ್?”

ಈ ಹೋಲಿಕೆ ದುರ್ಬಲ ಎಂದೇ ನನ್ನ ಈಗಿನ ಅಭಿಪ್ರಾಯವೂ. ಆದರೆ ಮರುದಿನ ಅವನು ಬಂದು ಕೇಳಿದ.

ಅವನ ಮನಸ್ಸು ಹಿಡಿದದ್ದು ನನ್ನ ವಾದವಲ್ಲ, ನಮ್ಮ ಡಿಬೇಟಿನ ಒಂದು ಪದ್ಧತಿ. ಒಬ್ಬರು ಮಾತಾಡುತ್ತಿರುವಾಗ ಎದುರಾಳಿ ಎದ್ದು ನಿಂತು, ಕೈಚಾಚಿ ಪ್ರಶ್ನೆಗೆ ಅವಕಾಶ ಕೇಳಬಹುದು. ಮಾತಾಡುವವರು ಒಪ್ಪಬಹುದು, ಇಲ್ಲವೇ ಕೈಬೀಸಿ ಕೂರಿಸಬಹುದು. ಕೊನೆಯ ನಿಮಿಷದಲ್ಲಿ ಮಾತ್ರ ಯಾರೂ ಏಳುವಂತಿಲ್ಲ.

“ಕೊನೇಲಿ ಯಾಕಿಲ್ಲ?” ಬಸ್ಸಿನಲ್ಲಿ ಕೇಳಿದ.

“ಅವರ ಮಾತನ್ನ ಅವರೇ ಮುಗಿಸಬೇಕು, ಅದಕ್ಕೆ.”

ಮನೆ ಮುಟ್ಟುವವರೆಗೆ ಅವನು ಕಿಟಕಿಯ ಗಾಜಿನ ಮೇಲೆ ಬೆರಳು ತಟ್ಟುತ್ತ ಕೂತಿದ್ದ. ಆ ದಿನಗಳಲ್ಲೇ ಬರ್ಮಿಂಗ್‌ಹ್ಯಾಮಿನ ಒಂದು ಸಂಗೀತೋತ್ಸವ ಅವನಿಗೆ ತನ್ನದೇ ಬ್ಯಾಂಡಿಗಾಗಿ ಹೊಸ ಕೃತಿ ಬರೆದು ನುಡಿಸಲು ಹೇಳಿತ್ತು. ಜನ ಅವನನ್ನೇ ಕೇಳಲು ಬರುವ ಮೊದಲ ಕಛೇರಿ. ನಮ್ಮ ಪದ್ಧತಿಯನ್ನೇ ಅವನು ಕೃತಿಯ ನಿಯಮ ಮಾಡಿಕೊಂಡ. ಒಬ್ಬರು ನುಡಿಸುವಾಗ ಇನ್ನೊಬ್ಬರು ಎದ್ದು ನಡುವೆ ಬರಲು ಕೇಳಬಹುದು. ಕೊನೆಯ ನಿಮಿಷ ಗಿಟಾರಿನದು. ಆಗ ಯಾರೂ ಏಳಬಾರದು.

ಅಷ್ಟರಲ್ಲಿ ಅವನ ಎಡಗೈಯ ಉಂಗುರದ ಬೆರಳು ಕೈಕೊಡತೊಡಗಿತು. ಮೊದಲು ಗಮನಿಸಿದ್ದು ಅಮ್ಮ. ನನ್ನನ್ನು ನೋಡಲು ಬಂದಾಗಲೆಲ್ಲ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು ಅವನನ್ನೂ ಕೆಳಗೆ ಕರೆಯುತ್ತಿದ್ದಳು. “ಎಷ್ಟ ಸೊರಗ್ಯಾನ ನೋಡು. ಊಟಾ ಮಾಡ್ತಾನೋ, ಬರೇ ತಂತೀನ ಮೀಟ್ತಾನೋ?” ರೊಟ್ಟಿ ಮುರಿಯುವಾಗ ಸರಿಯಾಗಿಯೇ ಇದ್ದ ಬೆರಳು ಊಟದ ಮೇಲೆ ಅಮ್ಮನಿಗೆಂದು ಗಿಟಾರ್ ಹಿಡಿದೊಡನೆ ತಾನಾಗಿ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಅಮ್ಮ ಹರಳೆಣ್ಣೆ ಹಚ್ಚಿಕೋ ಎಂದಳು. ಅವನು ನಿಜಕ್ಕೂ ಹಚ್ಚಿಕೊಂಡ. ತಂತಿಗಳೆಲ್ಲ ಜಾರಿ, ಮೇಲಿನಿಂದ ಕೇಳಿಬಂದ ಬೈಗುಳವನ್ನು ನಾನು ಅಮ್ಮನಿಗೆ ಅನುವಾದಿಸಲಿಲ್ಲ.

ನರಗಳ ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಮಿದುಳು ಆ ಬೆರಳಿಗೆ ಕೊಡುವ ಆಜ್ಞೆ ತಪ್ಪುತ್ತಿದೆ. ಪೂರ್ತಿ ಗುಣವಾಗುವುದು ಅಪರೂಪ.

“ಬೇರೆ ಗಿಟಾರಿಸ್ಟ್ ಕರ್ಕೊ. ಬರೆದದ್ದು ನೀನೇ ತಾನೆ? ಕೃತಿ ಎಲ್ಲಿಗೂ ಹೋಗಲ್ಲ,” ಎಂದೆ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ.

“ವಕೀಲರೇ, ಒಂದು ಸಲ ನಾನೇ ಮುಗಿಸ್ತೀನಿ. ಆಮೇಲೆ ನೀವು ಹೇಳಿದ್ದೇ ಸರಿ ಅಂತ ಬರೆದುಕೊಡ್ತೀನಿ.”

ಕಛೇರಿಯ ಸಂಜೆ ನಾನು, ಅಮ್ಮ ಮುಂದಿನ ಸಾಲಿನಲ್ಲಿದ್ದೆವು. ಬೆರಳು ಬೇಗನೇ ಸೋತಿತು. ಸ್ಯಾಕ್ಸೊಫೋನಿನ ಹುಡುಗಿ ಎದ್ದಳು; ಅವನು ಕೈಬೀಸಿ ಕೂರಿಸಿದ. ಮತ್ತೆ ಎದ್ದಳು, ಈ ಸಲ ಅವನು ತಲೆಯಾಡಿಸಿ ಬಿಟ್ಟುಕೊಟ್ಟ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಬಾಸ್ ನುಡಿಸುವವನ ಮುಂದೆ ಕೈಚಾಚಿದ. ಆ ದಢೂತಿ ಮನುಷ್ಯ ಕಣ್ಣೆತ್ತದೆ, ನೊಣ ಓಡಿಸುವಂತೆ ಕೈಯಾಡಿಸಿದ. ಸಭೆ ನಕ್ಕಿತು. ಕೈಚಾಚಿ ನಿಂತವನೂ ನಕ್ಕ. ಬ್ಯಾಂಡು ಅವನನ್ನು ಹೀಗೆ ಹೊತ್ತುಕೊಂಡು ಕೊನೆಯವರೆಗೆ ತಂದಿತು.

ಆಮೇಲೆ ಆ ನಿಮಿಷ. ಎಲ್ಲರೂ ವಾದ್ಯ ಕೆಳಗಿಟ್ಟರು. ಬೆರಳು ಮಡಚಿಕೊಂಡೇ ಇತ್ತು. ಬರೆದ ರಾಗ ಆ ಕೈಗೆ ಆಗುವಂಥದ್ದಾಗಿರಲಿಲ್ಲ. ಅವನು ಉಳಿದ ಬೆರಳುಗಳಿಗೆ ಎಟುಕಿದ ಸ್ವರಗಳನ್ನಷ್ಟೇ ನುಡಿಸಿದ. ಎಟುಕದ ಕಡೆ ಆ ಸ್ವರದಷ್ಟು ಹೊತ್ತು ಬಿಟ್ಟು, ಮುಂದಿನದಕ್ಕೆ ಹೋದ. ಆ ಹುಡುಗಿ ಅರ್ಧ ಎದ್ದವಳು ಮತ್ತೆ ಕೂತಳು. ಅಮ್ಮ ನನ್ನ ಕೈ ಹಿಡಿದಿದ್ದಳು. ಆ ಸ್ವರಗಳು ಅಭ್ಯಾಸ ಮಾಡಿದವಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕೇಳಲು ಯೋಗ್ಯವಾಗಿದ್ದವೇ ಎಂದರೆ... ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಅಲ್ಲಿಂದಾಚೆಗೆ ಅವನು ವೇದಿಕೆಯ ಮೇಲೆ ನುಡಿಸಲಿಲ್ಲ. ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ವಿಡಿಯೊ ಗೇಮ್ ಸ್ಟುಡಿಯೊದಲ್ಲಿ ಸಂಗೀತ ಬರೆಯುವ ಕೆಲಸ ಸಿಕ್ಕಿ ಹೋದ. ಮೊದಮೊದಲು ಮೆಸೇಜು ಬರುತ್ತಿತ್ತು, ಆಮೇಲೆ ಹುಟ್ಟುಹಬ್ಬಕ್ಕೆ ಮಾತ್ರ, ಆಮೇಲೆ... ಹಾಗೆ. ಮೇಲಿನ ಫ್ಲಾಟಿಗೆ ಸದ್ದಿಲ್ಲದ ಯಾರೋ ಬಂದರು.

“ಆ ಹುಡುಗ ಈಗೂ ಬಾರಸ್ತಾನೇನು?” ಮಂಟಪದ ಕಂಬ ಒರೆಸುತ್ತ ಅಮ್ಮ ಕೇಳಿದಳು. ವಾಸನೆ ಅವಳಿಗೂ ಅದನ್ನೇ ತಂದಿರಬೇಕು. ಹಾಗಾದರೆ ಎರಡು ಸಾಕ್ಷ್ಯ.

“ಇಲ್ಲಮ್ಮ, ಬರೀತಾನೆ. ಈಗ ಅವನ ಸಂಗೀತ ಕೇಳೋರು ಆಗಿನಕ್ಕಿಂತ ಎಷ್ಟೋ ಜಾಸ್ತಿ.”

“ಅದಿರ್ಲಿ,” ಎಂದಳು. “ಅವನ ಬಾರಸೂದ ಹೋತಲ್ಲ.”

ಉತ್ತರ ನಾಲಿಗೆಯ ಮೇಲಿತ್ತು. ಆದರೆ ಈ ಕೊನೆಯ ನಿಮಿಷ ಅಮ್ಮನದು; ನಾನು ಏಳಲಿಲ್ಲ. ಇನ್ನೊಂದು ಬಟ್ಟೆ ತೆಗೆದುಕೊಂಡು ಮಂಟಪದ ಆ ಕಡೆಯ ಕಂಬ ಒರೆಸತೊಡಗಿದೆ.