ಬಾರ್ಬರಾ ಮೇಡಂ ಮನೆಯ ಬೀಗದ ಕೈ

ನನ್ನ ಬ್ಯಾಗಿನಲ್ಲಿ ನಲವತ್ತು ಪ್ರಶ್ನೆ, ಪಕ್ಕದ ಸೀಟಿನಲ್ಲಿ ಅಪ್ಪಟ ಅಮೆರಿಕನ್ ಹೆಂಗಸು. ಗುಬ್ಬಿಯಿಂದ ಚೇಳೂರಿಗೆ ಹೊರಟ ಆ ಭಾನುವಾರದ ಬಸ್ಸಿನಲ್ಲಿ ನನ್ನಷ್ಟು ಸುಖವಾಗಿ ಯಾರೂ ಕೂತಿರಲಿಲ್ಲ. ನಿಂತವರ ಚೀಲ ಮಂಡಿಗೆ ಬಡಿಯುತ್ತಿತ್ತು, ಬಡಿಯಲಿ ಅಂದುಕೊಂಡೆ.

ನನ್ನ ಪಿಎಚ್.ಡಿ. ಪುರಾಣ ನಿಮಗೆಲ್ಲ ಗೊತ್ತೇ ಇದೆ. (ಗೊತ್ತಿಲ್ಲದವರು ಪುಣ್ಯವಂತರು.) ವಿಷಯ: ಅಮೆರಿಕದ ಸಣ್ಣ ಊರುಗಳಲ್ಲಿ ನೆರೆಹೊರೆ. ಅಮೆರಿಕ ಹಾಗಿರಲಿ, ವಿಮಾನವನ್ನೇ ನಾನು ಹತ್ತಿರದಿಂದ ಕಂಡವಳಲ್ಲ. ತುಮಕೂರಿನಲ್ಲಿ ಪಾಠ ಮಾಡಿಕೊಂಡು, ರಜೆ ಬಂದರೆ ಬೆಂಗಳೂರಿನ ಲೈಬ್ರರಿಗೆ ಓಡಿ, ಹಳೇ ಪತ್ರಿಕೆ, ಕಾದಂಬರಿ, ಯಾರ್ಯಾರೋ ಬರೆದ ಪತ್ರಗಳ ಸಂಗ್ರಹ ಎಲ್ಲ ಓದಿ ಆರು ವರ್ಷದಲ್ಲಿ ನಾಲ್ಕು ಅಧ್ಯಾಯ ಬರೆದೆ. ನನ್ನ ಗೈಡ್ ಎಲ್ಲವನ್ನೂ ಓದಿ, ಕನ್ನಡಕ ತೆಗೆದು, "ಇದೆಲ್ಲಾ ನಿಮಗೆ ಹೆಂಗ್ ಗೊತ್ತಾಯ್ತು ಅಂತ ಎಲ್ಲೂ ಇಲ್ವಲ್ಲ. ಮೆಥಡ್ ಎಲ್ಲಮ್ಮಾ?" ಅಂದರು.

ಮೆಥಡ್ ಇಲ್ಲದೆ ಸಹಿ ಇಲ್ಲ. ಆ ತಿಂಗಳ ಕೊನೆಗೆ ರಿಜಿಸ್ಟ್ರೇಷನ್ ಮುಗಿಯುತ್ತಿತ್ತು. ಅಂದರೆ ಆರು ವರ್ಷ ಮಣ್ಣುಪಾಲು.

ಅಷ್ಟರಲ್ಲಿ ದೇವರು ಬಾರ್ಬರಾ ಮೇಡಮ್ಮನ್ನು ಕಳಿಸಿದ. ಅಮೆರಿಕದ ಒಂದು ಸಣ್ಣ ಊರಿನ ಪ್ರೊಫೆಸರು. (ನನ್ನ ಅದೃಷ್ಟ ನೋಡಿ, ಸಣ್ಣ ಊರೇ!) ನಮ್ಮ ಕಾಲೇಜಿಗೆ ಬಂದು ಸಂಶೋಧನಾ ವಿಧಾನದ ಮೇಲೆ ಎರಡು ದಿನ ಮಾತಾಡಿದರು. ಹೈಪಾಥಿಸಿಸ್, ಸ್ಯಾಂಪಲ್, ವೇರಿಯಬಲ್ ಎಲ್ಲ ಬರೆದುಕೊಂಡೆ. ಆ ಶನಿವಾರ ಕೂತು ನಲವತ್ತು ಪ್ರಶ್ನೆ ತಯಾರಿಸಿ ಸೈಕ್ಲೋಸ್ಟೈಲ್ ಮಾಡಿಸಿದೆ. ಕೈಗೆಲ್ಲ ಮಸಿ. ಹಳ್ಳಿ ನೋಡಬೇಕು ಅಂತ ಅವರು ಅಂದಿದ್ದೇ ತಡ, ನಮ್ಮ ಅತ್ತೆ ಮನೆಗೆ ಹೊರಡಿಸಿಬಿಟ್ಟೆ. ಕೈಗೆ ಸಿಕ್ಕ ಅಮೆರಿಕವನ್ನು ಬಿಡುವುದುಂಟೆ?

ಚೇಳೂರಿನ ಮನೆ ಜಗಲಿಯಲ್ಲಿ ಎಳನೀರು ಕುಡಿದಾದ ಮೇಲೆ ಪ್ರಶ್ನೆಪತ್ರ ಮುಂದಿಟ್ಟೆ. ಮೇಡಂ ಹತ್ತೇ ನಿಮಿಷದಲ್ಲಿ ಟಿಕ್ ಹಾಕಿ ಮುಗಿಸಿದರು. ಹದಿನೇಳನೇ ಪ್ರಶ್ನೆ: ನೆರೆಯವರೊಂದಿಗೆ ನಿಮ್ಮ ಸಂಬಂಧ ಹೇಗಿದೆ? ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸುಮಾರು, ಚೆನ್ನಾಗಿಲ್ಲ. ಅವರು 'ತುಂಬಾ ಚೆನ್ನಾಗಿದೆ'ಗೆ ಟಿಕ್ ಹಾಕಿದ್ದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆಗ ಅತ್ತೆ ಒಬ್ಬಟ್ಟಿನ ತಟ್ಟೆ ಹಿಡಿದು ಬಂದು ಎದುರಿಗೆ ಕೂತರು. ಬಂದ ನೆಂಟರನ್ನು ವಿಚಾರಿಸದೆ ಬಿಟ್ಟರೆ ನಮ್ಮ ಅತ್ತೆಗೆ ಉಂಡ ಅನ್ನ ಅರಗುವುದಿಲ್ಲ. ಯಾವೂರು, ಎಷ್ಟು ಜನ ಮಕ್ಕಳು, ಯಜಮಾನರು ಏನ್ಮಾಡ್ತಾರೆ, ಎಲ್ಲ ನನ್ನ ಬಾಯಲ್ಲಿ ಇಂಗ್ಲಿಷಾಯಿತು. ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳಿಲ್ಲ, ಒಬ್ಬರೇ ಇರುತ್ತಾರೆ ಅಂತ ತಿಳಿಯಿತು. ನನಗೋ ಮುಜುಗರ. ಇಂಥ ಪ್ರಶ್ನೆ ಕೇಳಬಾರದು ಅಂತ ಮೇಡಂ ಶುಕ್ರವಾರ ತಾನೇ ಪಾಠ ಮಾಡಿದ್ದರು!

ಅತ್ತೆ ಬಿಡಲಿಲ್ಲ. "ಅಲ್ಲ ಕಣವ್ವಾ, ಅಷ್ಟು ದೂರದಿಂದ ಬಂದಿದೀಯಲ್ಲ, ಮನೆ ಬೀಗದ ಕೈ ಯಾರತ್ರ ಕೊಟ್ಬಂದೆ?"

ಮೇಡಂ ನಕ್ಕು ಕೈಚೀಲ ತೆರೆದು ಕೀ ತೋರಿಸಿದರು. ಹಿತ್ತಾಳೆಯದು, ಫಳಫಳ ಅನ್ನುತ್ತಿತ್ತು. ಬೆಕ್ಕನ್ನು ಬೆಕ್ಕಿನ ಹಾಸ್ಟೆಲಿಗೆ ಬಿಟ್ಟಿದ್ದರಂತೆ.

ಅತ್ತೆ ಕೀ ನೋಡಿದರು, ಆಮೇಲೆ ಆಕೆಯ ಮುಖ ನೋಡಿದರು. "ಅಯ್ಯೋ, ಪಕ್ಕದ್ಮನೆಯೋರು ಇಲ್ವಾ? ಯಾವಾಗಿಂದ ಹಿಂಗಾಯ್ತು?"

ನಾನು ಅನುವಾದಿಸಿದೆ. ಮೇಡಂ ಕೀಯನ್ನು ವಾಪಸ್ ಕೈಚೀಲಕ್ಕೆ ಹಾಕಿದರು. ಕೆಟ್ಟೆನಲ್ಲ ಅಂದುಕೊಂಡೆ. ಅವರು ಪ್ರಶ್ನೆಪತ್ರ ವಾಪಸ್ ಇಸಿದುಕೊಂಡು, ಪೆನ್ನು ಕೇಳಿ, ಹದಿನೇಳನೆಯದರ ಟಿಕ್ಕನ್ನು ನಿಧಾನವಾಗಿ ಹೊಡೆದುಹಾಕಿದರು. ಇದಕ್ಕೆ ಉತ್ತರ ನಿನ್ನ ನಾಲ್ಕು ಚೌಕದಲ್ಲಿ ಇಲ್ಲ ಅಂದರು.

ಆಮೇಲೆ ಒಂದು ಗಂಟೆ ಮಾತಾಡಿದರು ನೋಡಿ! ಅವರ ಅಮ್ಮ ಊರಿಗೆ ಹೋಗುವಾಗ ಕೀಯನ್ನು ಎದುರುಮನೆಯಾಕೆಗೆ ಕೊಡುತ್ತಿದ್ದದ್ದು, ಆಕೆ ಗಿಡಕ್ಕೆ ನೀರು ಹಾಕಿ, ವಾಪಸ್ ಬರುವ ದಿನ ಬ್ರೆಡ್ಡು ಮಾಡಿಟ್ಟಿರುತ್ತಿದ್ದದ್ದು, ಆಕೆ ಸತ್ತ ಮೇಲೆ ಆ ಮನೆಗೆ ಬಂದವರ ಮುಖ ಇವರಿಗೆ ಕಾರಿನ ಗಾಜಿನಲ್ಲಷ್ಟೇ ಪರಿಚಯವಾದದ್ದು. ಆರು ವರ್ಷ ಹುಡುಕಿದ ಅಮೆರಿಕ ಜಗಲಿ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಿತ್ತು. ನಾನು ಪ್ರಶ್ನೆಪತ್ರಗಳನ್ನೆಲ್ಲ ಮಗುಚಿ ಹಾಕಿಕೊಂಡು ಹಿಂಬದಿಯಲ್ಲಿ ಗೀಚಿದೆ, ಗೀಚಿದೆ, ಕೈ ಸೋಲುವವರೆಗೂ ಗೀಚಿದೆ. ಮಧ್ಯೆ ಅತ್ತೆ ಮೇಡಮ್ಮಿಗೆ ಇನ್ನೊಂದು ಒಬ್ಬಟ್ಟು ಹಾಕಿದರು, ತುಪ್ಪವನ್ನೂ ಸುರಿದರು.

ಆ ಗೀಚಿದ್ದನ್ನೇ ಮೆಥಡ್ ಅಧ್ಯಾಯ ಮಾಡಿ ಗೈಡಿಗೆ ಕೊಟ್ಟೆ. ಅವರು ಓದಿ, ಈ ಬೀಗದ ಕೈ ಪ್ರಶ್ನೆಗೆ ಯಾವ ಥಿಯರಿ ಆಧಾರ ಅಂತ ಕೇಳಿದರು. ನಮ್ಮತ್ತೆ ಸಾರ್ ಅಂದೆ. ಐದು ನಿಮಿಷ ನಕ್ಕರು. ಒಬ್ಬರನ್ನೇ ಕೇಳಿದ್ದರಿಂದ ಪೈಲಟ್ ಸ್ಟಡಿ, ಅಂದರೆ ಪ್ರಾಯೋಗಿಕ ಅಧ್ಯಯನ ಅಂತ ಹಾಕಿ, ಅಡಿಟಿಪ್ಪಣಿಯಲ್ಲಿ ಅತ್ತೆಯ ಹೆಸರು ಬರೆಯಿರಿ ಅಂತ ಹೇಳಿ ಸಹಿ ಮಾಡಿಯೇಬಿಟ್ಟರು. ರಿಜಿಸ್ಟ್ರೇಷನ್ ಮುಗಿಯಲು ಇನ್ನೂ ಎರಡು ದಿನ ಇತ್ತು. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದೆ, ಲೆಕ್ಚರರ್ ಅನ್ನುವುದೂ ಮರೆತಿತ್ತು.

ಮೊನ್ನೆ ಭಾನುವಾರ ಯಜಮಾನರನ್ನೂ ಮಗಳನ್ನೂ ಹೊರಡಿಸಿಕೊಂಡು, ಸಿಹಿ ಹಿಡಿದು ಚೇಳೂರಿಗೆ ಹೋದೆ. ನಿಮ್ಮ ಹೆಸರು ಥೀಸಿಸ್‌ನಲ್ಲಿದೆ ಅತ್ತೆ, ಅಮೆರಿಕದವರೂ ಓದ್ತಾರೆ ಅಂತ ಬೀಗಿದೆ. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಎಲ್ರೂ ಬಂದಿದೀರಲ್ಲ, ತುಮಕೂರ್ ಮನೆ ಬೀಗದ ಕೈ ಯಾರತ್ರ ಕೊಟ್ಬಂದೆ?"

ಕೀ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ತುಮಕೂರಿನ ಸದಾಶಿವನಗರದ ಆ ಮನೆಗೆ ನಾವು ಬಂದು ಮೂರು ವರ್ಷವಾಯಿತು. ಪಕ್ಕದ ಮನೆಯವರ ಹೆಸರು ನನಗೆ ಚೆನ್ನಾಗಿಯೇ ಗೊತ್ತು, ಅವರ ಗೇಟಿನ ಮೇಲೆ ಬರೆದಿದೆ.