ಕಾಕಾನ ಕಾರಿನ ನಾಲ್ಕು ಗಾಲಿಗಳು

ಮೇಲೆ ಹೊದಿಸಿದ್ದ ತಾಡಪತ್ರಿ ಎಳೆದ ಕೂಡಲೇ ಹಳೆಯ ರಬ್ಬರು, ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಅಪ್ಪ ತೀರಿಕೊಂಡು ತಿಂಗಳಾದ ಮೇಲೆ, ಜಲನಗರದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡು ತೆರೆದಿದ್ದೆ. ಅದರ ಕೀಲಿ ಯಾವಾಗಲೂ ಅಪ್ಪನ ಬಳಿಯೇ. ಒಳಗೆ ಹಾವಿದೆ ಎಂದು ನಮ್ಮನ್ನು ಹೆದರಿಸಿಟ್ಟಿದ್ದರು. ಹಾವಿರಲಿಲ್ಲ, ನಾಲ್ಕು ಕಾರಿನ ಗಾಲಿಗಳಿದ್ದವು. ಜೀವಮಾನವಿಡೀ ಸ್ಕೂಟರ್ ಬಿಟ್ಟು ಬೇರೆ ಗಾಡಿ ಇಟ್ಟವರಲ್ಲ ನಮ್ಮಪ್ಪ!

ಒಂದನ್ನು ಹೊರಳಿಸಿ ನೋಡಿದೆ. ಒಳಮೈಯಲ್ಲಿ ಹಳದಿ ಬಣ್ಣದ ‘ಶ್ರಿ’. ದೀರ್ಘವಿಲ್ಲದ ಶ್ರಿ... ಆ ತಪ್ಪು ನನ್ನದೇ. ಎರಡನೇ ಇಯತ್ತೆಯಲ್ಲಿದ್ದಾಗ ಎದುರು ಮನೆಯ ಡ್ರೈವರ್ ಕಾಕಾನಿಗೆ ಪಾಟಿಯ ಮೇಲೆ ಬರೆದು ಕಲಿಸಿದ್ದೆ. ಪಂಕ್ಚರ್ ಅಂಗಡಿಯಲ್ಲಿ ಗಾಲಿ ಅದಲುಬದಲಾಗದಂತೆ ಗುರುತಿಗೆ ಅವರಿಗೊಂದು ಅಕ್ಷರ ಬೇಕಿತ್ತು. ಶಾಲೆಯ ಮುಖ ನೋಡದ ಕಾಕಾ ನಾಲ್ಕೂ ಗಾಲಿಗೆ ಅದನ್ನೇ ಬರೆದು, “ನಮ್ಮ ಮಾಸ್ತರಬಾಯಿ ಈಕಿನ ನೋಡ್ರಿ” ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು.

ಬಬಲೇಶ್ವರದಲ್ಲಿ ಲಗ್ನವಿರಲಿ, ತಿಕೋಟಾಕ್ಕೆ ಹೆಣ್ಣು ನೋಡಲು ಹೋಗುವುದಿರಲಿ, ಓಣಿಯವರಿಗೆ ಕಾಕಾನ ಬಾಡಿಗೆ ಕಾರೇ ಆಗಬೇಕು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದರೂ ಅವರು ಸ್ಟೇರಿಂಗ್ ಬಿಡಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ತಿಕೋಟಾದ ಹಾದಿಯಲ್ಲಿ ದ್ರಾಕ್ಷಿ ತೋಟದ ಬೇಲಿಗೆ ಕಾರು ನುಗ್ಗಿಸಿಬಿಟ್ಟರು. “ಎಮ್ಮಿ ಅಡ್ಡ ಬಂತು” ಎಂದರು. ಹಿಂದಿನ ಸೀಟಿನಲ್ಲಿದ್ದ ನನಗೆ ಯಾವ ಎಮ್ಮೆಯೂ ಕಾಣಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹಾಗೆಯೇ ಹೇಳಿದೆ.

ಮುಂದಿನ ವಾರ ಕಾಕಾನ ಹೆಂಡತಿ ಕಾಕು ಹಟ ಮಾಡಿ ಅವರನ್ನು ಬಸ್ಸಿನಲ್ಲಿ ಕಾಖಂಡಕಿಯ ತವರಿಗೆ ಕರೆದುಕೊಂಡು ಹೋದರು. ತಿರುಗಿ ಬರುವಷ್ಟರಲ್ಲಿ ನಾಲ್ಕೂ ಗಾಲಿ ಮಾಯವಾಗಿ ಕಾರು ಕಲ್ಲುಗಳ ಮೇಲೆ ನಿಂತಿತ್ತು.

“ಯಾವ ತುಡುಗ ಒಯ್ದಾನೋ, ಅವನ ಕೈ ಸೇದಿಹೋಗ್ಲಿ!” ಎಂದು ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಸಣ್ಣ ಮಕ್ಕಳಂತೆ ಅತ್ತರು. ನಾನೂ ಹೌದೆಂದು ಗೋಣು ಹಾಕಿದೆ. ಅಪ್ಪ ಎದ್ದು ಒಳಗೆ ಹೋಗಿ ಚಹಾ ತಂದುಕೊಟ್ಟರು. ಹೊಸ ಗಾಲಿಯ ಮಾತು ಬಂದಾಗಲೆಲ್ಲ, “ಅವನ್ನೂ ಒಯ್ತಾರ, ಬಿಡೋ ಮಾರಾಯ” ಎನ್ನುತ್ತಿದ್ದರು.

ಆಮೇಲೆ ಕಾಕಾ ಎಲ್ಲಿಗೆ ಹೋಗಬೇಕೆಂದರೂ ಅಪ್ಪನ ಸ್ಕೂಟರ್ ತಯಾರು. ಸಂತೆಗೆ, ದವಾಖಾನೆಗೆ, ಬೇಸರವಾದರೆ ಸುಮ್ಮನೆ ಗೋಳಗುಮ್ಮಟದವರೆಗೆ... ನನ್ನನ್ನು ಕಾಲೇಜಿಗೆ ಬಿಡಲು ಪುರುಸೊತ್ತಿಲ್ಲದ ಅಪ್ಪ ಕಾಕಾನನ್ನು ಕೂರಿಸಿಕೊಂಡು ತಿರುಗುವುದು ಕಂಡು ಹೊಟ್ಟೆ ಉರಿಯುತ್ತಿತ್ತು. “ನೀವೇನ ಅವರ ಡ್ರೈವರ್ ಆಗೇರೇನು?” ಎಂದು ಒಮ್ಮೆ ಎಲ್ಲರೆದುರೇ ಕೇಳಿಬಿಟ್ಟೆ. ಅಪ್ಪ ಕಿಕ್ ಹೊಡೆದು ಹೋದರು.

ಕಾಕಾ ಹೋಗಿ ಎಷ್ಟೋ ವರ್ಷಗಳಾದವು. ಕಾಕು ಈಗ ತೊರವಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಹೋಗಿ ಗಾಲಿಯ ಸಂಗತಿ ಹೇಳಿದೆ. ಅವರು ಕೈಯಲ್ಲಿದ್ದ ಮೊರವನ್ನು ಬದಿಗಿಟ್ಟರು.

“ಬಿಚ್ಚಿ ಇಟಗೋರಿ ಅಂತ ನಿಮ್ಮಪ್ಪಗ ಕೈ ಮುಗದಾಕಿ ನಾನ ಯವ್ವಾ. ಇವತ್ತ ಹೇಳೂಣು, ನಾಳಿ ಹೇಳೂಣು ಅಂತ ಇಬ್ಬರೂ ದಿನಾ ನೂಕಿದ್ವಿ. ಕಡೀಕ ದವಾಖಾನ್ಯಾಗ ಇವರು ನಿಮ್ಮಪ್ಪನ ಕೈ ಹಿಡದು, ‘ಆ ತುಡುಗ ಸಿಕ್ಕನೇನೋ?’ ಅಂತ ಕೇಳಿದ್ರು. ನಿಮ್ಮಪ್ಪ, ‘ಇಲ್ಲೋ’ ಅಂದ್ರು.”

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ನಾನೇ ಬಿಚ್ಚಿದೆ’ ಎಂಬ ಒಂದು ಮಾತು ಹೇಳಲು ಅಪ್ಪನಿಗೆ ಕಡೆಗೂ ಬಾಯಿ ಬರಲಿಲ್ಲ. ತಪ್ಪಾಯ್ತು ಅಪ್ಪಾ ಎನ್ನಲು ಈಗ ನನಗೂ ಯಾರೂ ಉಳಿದಿಲ್ಲ.